ದಿವಾಳಿಯೂ ಸಾಲವಿಮೋಚನೆಯೂ: ತುಮಕೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ನಮ್ಮ ಆಡುಮಾತಿನಲ್ಲಿ ‘ದಿವಾಳಿಯೆದ್ದವನು’ ಎಂಬುದು ನಿಂದೆಯ ಮಾತು. ಶಾಸನದ ದೃಷ್ಟಿಯಲ್ಲಾದರೋ ದಿವಾಳಿಯು ಋಣಿಗೆ ಒದಗುವ ಒಂದು ಆಶ್ರಯ. ಈ ಆಶ್ರಯವು ಯಾರನ್ನು ಉದ್ದೇಶಿಸಿ ರಚಿತವಾಯಿತು, ಅದರ ಹೊರಗೆ ಉಳಿದವರ ಗತಿಯೇನಾಯಿತು ಎಂಬುದನ್ನು ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಸೀಮೆಯ ಸಾಲ ಏಕರೂಪದ್ದಲ್ಲ. ಗುಬ್ಬಿಯು ಅಡಕೆ, ತೆಂಗುಗಳ ಹಳೆಯ ವ್ಯಾಪಾರಸ್ಥಳ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ತೆರೆದ ಮೇಲೆ ಈ ಭಾಗದ ವರ್ತಕನಿಗೆ ದೂರದ ಪೇಟೆ ಹತ್ತಿರವಾಯಿತು. ಅವನ ಸಾಲ ಲೆಕ್ಕದ ಪುಸ್ತಕದಲ್ಲಿರುತ್ತದೆ. ಕುಣಿಗಲ್ಲಿನ ದೊಡ್ಡಕೆರೆಯ ಕೆಳಗಣ ಗದ್ದೆಯ ಅಥವಾ ರಾಗಿಹೊಲದ ರೈತನು ಬಿತ್ತನೆಗೆ, ಎತ್ತಿಗೆ, ಮದುವೆಗೆ ಮಾಡಿದ ಸಾಲವಾದರೋ ಮಳೆಯನ್ನು ನಂಬಿದ್ದು.

1920ರ ಪ್ರಾಂತೀಯ ದಿವಾಳಿ ಅಧಿನಿಯಮವು 1962ರ ರಾಜ್ಯಶಾಸನದಿಂದ ಹಳೆಯ ಮೈಸೂರು ಪ್ರದೇಶಕ್ಕೂ ವಿಸ್ತರಿಸಿತು. ಗುಬ್ಬಿಯ ಅಡಕೆ ವರ್ತಕನೊಬ್ಬನು ಸಾಲ ತೀರಿಸಲಾರದೆ ಹೋದನೆಂದು ಊಹಿಸೋಣ. ಮೂಲ ಅಧಿನಿಯಮದಂತೆ ಸಾಲವು 500 ರೂಪಾಯಿ ಮುಟ್ಟಿದ್ದರೆ, ಅಥವಾ ಡಿಕ್ರಿಯ ಅಮಲ್ಜಾರಿಯಲ್ಲಿ ಅವನು ಬಂಧಿತನಾಗಿದ್ದರೆ, ಅವನೇ ಅರ್ಜಿ ಸಲ್ಲಿಸಬಹುದು. ಮನೆ ಬಿಟ್ಟು ತಲೆಮರೆಸಿಕೊಳ್ಳುವಂತಹ ಕೃತ್ಯವೆಸಗಿದ್ದರೆ ಸಾಲ ಕೊಟ್ಟವರೂ ಅರ್ಜಿ ಹಾಕಬಹುದು. ದಿವಾಳಿಯೆಂದು ಘೋಷಿತನಾದೊಡನೆ ಅವನ ಆಸ್ತಿ ನ್ಯಾಯಾಲಯದ ಅಥವಾ ರಿಸೀವರನ ವಶವಾಗುತ್ತದೆ. ಅಡುಗೆಯ ಪಾತ್ರೆ, ಉಡುವ ಬಟ್ಟೆ, ಕುಶಲಕರ್ಮಿಯ ಉಪಕರಣ ಮೊದಲಾದ ಜಪ್ತಿಗೆ ಸಲ್ಲದ ವಸ್ತುಗಳು ಮಾತ್ರ ಅವನಿಗೆ ಉಳಿಯುತ್ತವೆ. ಬಂಧನದಿಂದ ರಕ್ಷಣೆಯನ್ನು ಕೋರಿದರೆ ನ್ಯಾಯಾಲಯ ಅದನ್ನು ನೀಡಬಹುದು.

ಪರಿಣಾಮಗಳು ಆಸ್ತಿಗಷ್ಟೇ ಸೀಮಿತವಲ್ಲ. ವಿಮೋಚನೆಗೆ ಮೊದಲು ಗಳಿಸಿದ್ದೂ ರಿಸೀವರನಿಗೆ ಸಲ್ಲುತ್ತದೆ. ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಅಥವಾ ಮೇಲ್ಪಟ್ಟು ಸಾಲ ಪಡೆಯುವುದು ಅಪರಾಧ. ಸ್ಥಳೀಯ ಸಂಸ್ಥೆಯ ಚುನಾಯಿತ ಸ್ಥಾನವೂ ಅವನಿಗೆ ನಿಷಿದ್ಧ.

ವಿಮೋಚನೆಯ ಹಂತದಲ್ಲಿ ನ್ಯಾಯಾಲಯವು ಅವನ ನಡತೆಯನ್ನು ತೂಗುತ್ತದೆ. ಆಧಾರವಿಲ್ಲದ ಸಾಲಗಳ ಮಟ್ಟಿಗೆ ಆಸ್ತಿಯು ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದು ತನ್ನ ತಪ್ಪಿನಿಂದಾದುದಲ್ಲವೆಂದು ಋಣಿಯು ತೋರಿಸಬೇಕು. ವ್ಯವಹಾರದ ಲೆಕ್ಕವಿಡದಿದ್ದುದು, ದುಂದುವೆಚ್ಚ, ಜೂಜು ಅವನಿಗೆ ಪ್ರತಿಕೂಲ. ದುರದೃಷ್ಟದಿಂದಲೇ ದಿವಾಳಿಯಾದನೆಂಬ ಪ್ರಮಾಣಪತ್ರದೊಡನೆ ಬಿಡುಗಡೆ ದೊರೆತರೆ ಸಾರ್ವಜನಿಕ ಅನರ್ಹತೆಗಳೂ ನೀಗುತ್ತವೆ. ಸರ್ಕಾರದ ಬಾಕಿ, ವಂಚನೆಯ ಸಾಲ, ಜೀವನಾಂಶದ ಹೊಣೆಗಳು ಆಗಲೂ ತಪ್ಪುವುದಿಲ್ಲ.

ಇಲ್ಲಿಯೇ ಈ ಶಾಸನದ ಸ್ವಭಾವ ವ್ಯಕ್ತವಾಗುತ್ತದೆ. ಅದು ಲೆಕ್ಕವಿಡುವ ವರ್ತಕನನ್ನು ಕಲ್ಪಿಸಿಕೊಂಡು ರಚಿತವಾದುದು. ಕುಣಿಗಲ್ಲಿನ ರೈತನಿಗೆ ಅದು ನಿಷಿದ್ಧವಲ್ಲ. ಆದರೆ ಸಾಲ ತೀರಲೆಂದು ಜೀವನಾಧಾರವಾದ ಹೊಲವನ್ನೇ ಒಪ್ಪಿಸುವವನಿಗೆ ಅದು ಆಶ್ರಯವಾಗುವುದು ಹೇಗೆ?

ಆದುದರಿಂದಲೇ ರೈತನ ಸಾಲಕ್ಕೆ ಬೇರೆ ದಾರಿಯನ್ನು ಹುಡುಕಬೇಕಾಯಿತು. 1894ರಲ್ಲಿ ಶೇಷಾದ್ರಿ ಅಯ್ಯರ್ ಅವರ ಆಡಳಿತ ಕೃಷಿ ಬ್ಯಾಂಕುಗಳ ಪ್ರಯೋಗವನ್ನು ಆರಂಭಿಸಿತು. 1905ರಲ್ಲಿ ಸಹಕಾರ ಸಂಘಗಳ ಶಾಸನವೂ 1928ರಲ್ಲಿ ಮೈಸೂರು ಕೃಷಿಕರ ಪರಿಹಾರ ಶಾಸನವೂ ಬಂದುವು. 1976ರ ಕರ್ನಾಟಕ ಋಣ ಪರಿಹಾರ ಅಧಿನಿಯಮವು ಸಣ್ಣ ರೈತರು, ಭೂರಹಿತ ಕೃಷಿಕಾರ್ಮಿಕರು, ದುರ್ಬಲವರ್ಗದವರು ಖಾಸಗಿಯವರಿಗೆ ಕೊಡಬೇಕಾದ ಸಾಲವನ್ನು ರದ್ದುಗೊಳಿಸಿ, ಗಿರವಿಯ ವಸ್ತುಗಳನ್ನು ಹಿಂದಿರುಗಿಸಲು ವಿಧಿಸಿತು. 2018ರ ಅಧಿನಿಯಮವು ಇದೇ ಜಾಡಿನದು. 2019ರಲ್ಲಿ ಜಾರಿಗೆ ಬಂದಿತು. ಬ್ಯಾಂಕು, ಸಹಕಾರ ಸಂಘಗಳ ಸಾಲಕ್ಕೆ ಇವೆರಡೂ ಅನ್ವಯಿಸವು.

ದಿವಾಳಿ ಶಾಸನವು ವ್ಯಕ್ತಿಯ ನಡತೆಯನ್ನು ಕೇಳುತ್ತದೆ. ಋಣಪರಿಹಾರ ಶಾಸನವು ಅವನ ವರ್ಗವನ್ನು ಕೇಳುತ್ತದೆ. ಮೊದಲನೆಯದು ವಿಳಂಬಿಸಿಯಾದರೂ ಶಾಶ್ವತವಾದ ಬಾಗಿಲು. ಎರಡನೆಯದು ಸರ್ಕಾರ ತೆರೆದಾಗಷ್ಟೇ ತೆರೆಯುವ ಬಾಗಿಲು. 2016ರ ದಿವಾಳಿ ಸಂಹಿತೆಯ ವ್ಯಕ್ತಿಸಂಬಂಧಿ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ ಅನ್ವಯಿಸಿದೆ. ಇತರ ಋಣಿಗೆ 1920ರ ಶಾಸನವೇ ಗತಿ. ಬ್ಯಾಂಕಿಗೆ ಸಾಲಗಾರನಾದ ಸಣ್ಣ ರೈತನು ಇಂದಿಗೂ ಈ ಎರಡು ಬಾಗಿಲುಗಳ ನಡುವೆ ನಿಂತಿದ್ದಾನೆ. ಶಾಸನಗಳನ್ನು ತಾಮ್ರಪಟಗಳಲ್ಲಿ ಓದುವ ನಾವು ಜಿಲ್ಲಾ ನ್ಯಾಯಾಲಯದ ಕಡತಗಳಲ್ಲಿಯೂ ಓದಲು ಕಲಿತರೆ, ಅವನ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತು.