ಬಯಲು ಸೀಮೆಯ ಮರದ ಮನೆ

ಮರದ ಮನೆಯೆಂದೊಡನೆ ಮಲೆನಾಡಿನ ಮನೆಗಳೇ ನಮ್ಮವರ ಕಣ್ಣಿಗೆ ಕಟ್ಟುವವು. ಘಟಪ್ರಭೆಯ ಬಯಲಿನ ಮುಧೋಳ ಸೀಮೆಗೆ ಸೇರಿದ ತಿಮ್ಮಾಪುರದಂಥ ಊರಿಗೂ ಮರದ ಮನೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ವರುಷಕ್ಕೆ 60 ಸೆಂಟಿಮೀಟರು ಮಳೆಯೂ ನಿಶ್ಚಯವಿಲ್ಲದ ಈ ಎರೆಯ ನಾಡಿನಲ್ಲಿ ಬೇವು ಜಾಲಿಗಳನ್ನು ಬಿಟ್ಟರೆ ಕಟ್ಟಡಕ್ಕೊದಗುವ ಮರಗಳು ವಿರಳ. ಸಾಗುವಾನಿಯು ಸಹ್ಯಾದ್ರಿಯ ಕಡೆಯಿಂದ ಬರಬೇಕು. ಆದರೂ ಇಲ್ಲಿಯ ಹಳೆಯ ಮಾಳಿಗೆಯ ಮನೆಯು ಹೊರಗೆ ಕಲ್ಲುಮಣ್ಣುಗಳದಾಗಿ ಕಂಡರೂ ಒಳಗೆ ಮರದ್ದೇ ಆಗಿರುವದು.

ಈ ನಾಡಿನ ಬಡಿಗತನದ ಪ್ರಾಚೀನತೆಗೆ ಐಹೊಳೆಯ ಲಾಡಖಾನ ಗುಡಿಯೇ ಸಾಕ್ಷಿ. ಹಿಂದೆ 5ನೆಯ ಶತಮಾನದ್ದೆಂದು ಬಗೆದಿದ್ದ ಇದನ್ನು ಇತ್ತೀಚಿನ ವಿದ್ವಾಂಸರು 7-8ನೆಯ ಶತಮಾನಕ್ಕೆ ತರುವರು. ಅದರ ಇಳಿಜಾರು ಮಾಡಿನ ಚಪ್ಪಡಿಗಳ ಸಂದುಗಳ ಮೇಲೆ ಮರದ ತುಂಡುಗಳಂತೆಯೇ ಕಾಣುವ ಉದ್ದನೆಯ ಕಲ್ಲುಪಟ್ಟಿಗಳನ್ನು ಕೂಡಿಸಿರುವರು. ಕಲ್ಲಿಗೆ ಈ ರೂಪವು ಸಹಜವಲ್ಲ. ಮರದಲ್ಲಿ ಪಳಗಿದ ಕೈ ಕಲ್ಲನ್ನು ಹಿಡಿದಾಗ ಹೀಗಾಗುವದು.

ಮಾಳಿಗೆಯ ಮನೆಯನ್ನು ಅಳೆಯುವದು ಅಂಕಣಗಳಿಂದ. ಅಡಿಗಲ್ಲಿನ ಮೇಲೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಮೇಲ್ಮುದ್ದೆ. ಅಡಿಗಲ್ಲು ಕಂಬವನ್ನು ನೆಲದ ತೇವದಿಂದಲೂ ಗೆದ್ದಲಿನಿಂದಲೂ ಕಾಯುವದು. ಭಾರವನ್ನು ಕಂಬಗಳು ಹೊರುವವು. ದಪ್ಪ ಗೋಡೆಯು ಬಿಸಿಲನ್ನು ತಡೆಯುವದು. ಬೇಸಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಯ ಮೇಲೆ ಗೋಡೆಯು ಸೀಳಿದರೂ, ಕೂಡುಗಳಲ್ಲಿ ತುಸು ಅಲುಗುವ ಮರವು ತಾಳಿಕೊಳ್ಳುವದು. ಮರ ದುರ್ಲಭವಾದಲ್ಲಿ ಅದನ್ನು ಎಲ್ಲಿ ವೆಚ್ಚಮಾಡಬೇಕೆಂಬುದನ್ನು ನಮ್ಮ ಬಡಿಗರು ಇಷ್ಟು ಚೆನ್ನಾಗಿ ಅರಿತಿದ್ದರು! ಬೆಟ್ಟದ ಮನೆಯ ಚಿತ್ರ ನೋಡಿ ಇಲ್ಲಿ ಹಲಗೆಯ ಗೋಡೆ ಕಟ್ಟಿಸಹೊರಟವರು ವೈಶಾಖದ ಒಂದು ಮಧ್ಯಾಹ್ನವನ್ನು ಅದರೊಳಗೆ ಕಳೆದು ನೋಡಲಿ.

ಆದರೆ ಹಳೆಯದೆಲ್ಲವೂ ನಿರ್ದೋಷವೆನ್ನಲಾಗದು. ಇದೇ ಬಗೆಯ ಮನೆಗಳಿದ್ದ ಲಾತೂರ ಸೀಮೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ 30ರಂದು ಭೂಕಂಪವಾದಾಗ, ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಕುಸಿದು ಸಾವಿರಾರು ಜನರು ಮಡಿದರು. ಅನೇಕ ಮನೆಗಳಲ್ಲಿ ಮರದ ಚೌಕಟ್ಟು ಮಾತ್ರ ನಿಂತೇ ಇದ್ದಿತು. ಆದುದರಿಂದ ಹೊಸದಾಗಿ ಕಟ್ಟುವವರು ಅಂಕಣವನ್ನು ಉಳಿಸಿಕೊಂಡು, ಗೋಡೆಯನ್ನು ಗಟ್ಟಿಗೊಳಿಸಿ, ಮಾಳಿಗೆಯ ಭಾರವನ್ನು ಇಳಿಸುವದು ಯುಕ್ತ.

ಇಂಥ ಮನೆಗಳು ಅಳಿಯುತ್ತಿರುವದು ಮರದ ಅಭಾವದಿಂದಷ್ಟೇ ಅಲ್ಲ. ಪ್ರತಿವರುಷ ಮಳೆಗೆ ಮುನ್ನ ಮಾಳಿಗೆಯನ್ನೇರಿ ಮಣ್ಣು ಹಾಕಿ ಬಡಿಯಬೇಕು. ಮಕ್ಕಳು ಊರು ಬಿಟ್ಟ ಮನೆಯಲ್ಲಿ ಆ ಕೆಲಸಕ್ಕೆ ಯಾರೂ ಏರುವದಿಲ್ಲ. ಒಂದೆರಡು ಮಳೆಗಾಲಗಳಲ್ಲಿ ಸೋರಿಕೆಯು ಜಂತಿಗೆ ಇಳಿಯುವದು, ಜಂತಿಯಿಂದ ತೊಲೆಗೆ. ಆಮೇಲೆ ಕಂಬಗಳನ್ನು ಕೊಳ್ಳುವವನು ಬಾಗಿಲಿಗೆ ಬರುವನು.