ಒಂದು ಮತವೂ ಉಪ್ಪೆಸರೂ

ಬಿಳಿಗಿರಿರಂಗನ ಬೆಟ್ಟದಿಂದ ನೋಡುವವರಿಗೆ ಯಳಂದೂರು, ಕೊಳ್ಳೇಗಾಲಗಳು ಒಂದೇ ಸೀಮೆಯ ಊರುಗಳಾಗಿ ತೋರಿದರೂ, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಯಳಂದೂರು ಮೈಸೂರಿಗೂ, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ಮೂಲಕ ಮದರಾಸಿಗೂ ಸೇರಿದ್ದುದರಿಂದ, 1952ರ ಪ್ರಥಮ ಮಹಾಚುನಾವಣೆಯಲ್ಲಿ ಕೊಳ್ಳೇಗಾಲದ ಕನ್ನಡಿಗನು ಜಗಲಿಯಿಂದ ಕದಲದೆಯೇ ಪರನಾಡಿನ ವಿಧಾನಸಭೆಗೆ ಮತದಾರನಾಗಿದ್ದನು. ಆ ವೈಚಿತ್ರ್ಯ 1956ರ ನವೆಂಬರ್ 1ರಂದು ಮುಗಿಯಿತು.

ಈಗಿನ ವೈಚಿತ್ರ್ಯ ಬೇರೆ. ಕಡಲಾಚೆಯ ಪ್ರಜೆಗೆ 2010ರ ತಿದ್ದುಪಡಿಯಿಂದ ಮತಾಧಿಕಾರ ದೊರೆತಿತಾದರೂ, ಪಾಸ್‌ಪೋರ್ಟ್ ಹಿಡಿದು ಸ್ವಗ್ರಾಮದ ಮತಗಟ್ಟೆಗೆ ಖುದ್ದಾಗಿ ಬಾರದವನಿಗೆ ಅದು ಕಾಗದದ ಮೇಲಣ ಹಕ್ಕು. ಪ್ರತಿನಿಧಿಯ ಮೂಲಕ ಮತ ನೀಡಿಸುವ ಮಸೂದೆ 2018ರಲ್ಲಿ ಲೋಕಸಭೆಯನ್ನು ದಾಟಿ, ಮರುವರ್ಷ ಆ ಸಭೆಯೊಡನೆಯೇ ಅಸ್ತಂಗತವಾಯಿತು. ಒಂದು ಮತದಿಂದೇನು ಎಂದು ಈ ಸೀಮೆಯವರಂತೂ ಹೇಳಲಾರರು: 2004ರಲ್ಲಿ ಇಲ್ಲಿಯದೇ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣರಿಗೆ 40,752, ಎ.ಆರ್. ಕೃಷ್ಣಮೂರ್ತಿಯವರಿಗೆ 40,751!

ಇಂಥ ಅಸಹಾಯತೆಗೆ ಔಷಧವೆಂದರೆ, ನನ್ನ ಮಟ್ಟಿಗೆ, ಉಪ್ಪೆಸರೇ. ಹುರುಳಿಯನ್ನೂ ದಂಟಿನ ಸೊಪ್ಪನ್ನೂ ಬೇಯಿಸಿ ಬಸಿದ ತಿಳಿಗಟ್ಟು. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಿಸೆ, ಉಪ್ಪುಗಳನ್ನು ಅರೆದ ಖಾರ ತಟ್ಟೆಯಂಚಿನಲ್ಲಿ. ನಡುವೆ ಆವಿಯಾಡುವ ಮುದ್ದೆ. ಪರದೇಶದಲ್ಲಿ ದಂಟಿನ ಬದಲು ಪಾಲಕ್, ಒರಳಿನ ಬದಲು ಮಿಕ್ಸಿ, ಅಷ್ಟೆ. ಇಲ್ಲಿ ಬೆಳಗಿನ ಎಂಟಕ್ಕೆ ಮತಗಳ ಎಣಿಕೆ ಮೊದಲಾಗುವಾಗ ನ್ಯೂಯಾರ್ಕಿನಲ್ಲಿ ಹಿಂದಿನ ರಾತ್ರಿಯೇ ಇನ್ನೂ ಮುಗಿದಿರುವುದಿಲ್ಲ. ಮತ ಹಾಕಲಾಗದವನು ಫೋನನ್ನು ಲೋಟಕ್ಕೊರಗಿಸಿ, ಖಾರವನ್ನು ಬೆರಳಿನಿಂದ ಕಟ್ಟಿಗೆ ಕದಡುತ್ತ, ಮೊದಲ ಸುತ್ತಿಗೆ ಕಾಯುತ್ತಾನೆ.