ಹಳೆ ಸಾಮಾನು ಮಾರಿ ಯಂತ್ರ ತಂದ ತಾಯಂದಿರು

ಕಳೆದ ತಿಂಗಳು ಜುಮಾ ನಮಾಝ್ ಮುಗಿಸಿ ಮಸೀದಿಯಿಂದ ಹೊರಬರುತ್ತಿದ್ದಾಗ ಒಂಬತ್ತನೇ ತರಗತಿಯ ಹುಡುಗನೊಬ್ಬ ನನ್ನನ್ನು ನಿಲ್ಲಿಸಿದ. "ಸರ್, ಅಲ್ಗಾರಿದಮ್ ಎಂಬ ಪದ ನಮ್ಮ ಅಲ್ ಖ್ವಾರಿಝ್ಮಿಯವರ ಹೆಸರಿನಿಂದ ಬಂದದ್ದಂತೆ, ಹೌದಾ?" ಎಂದು ಕೇಳಿದ. ಹೌದು ಎಂದೆ. ಅವನ ಮುಖ ಅರಳಿತು. "ಹಾಗಾದರೆ ನೀನು ಪ್ರೋಗ್ರಾಂ ಬರೆದಿದ್ದೀಯಾ?" ಎಂದು ಕೇಳಿದೆ. "ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ ಸರ್. ಕಂಪ್ಯೂಟರ್ ಕೋಣೆಗೆ ಬೀಗ ಹಾಕಿರುತ್ತಾರೆ. ಈ ವರ್ಷ ಎರಡು ಸಲ ಒಳಗೆ ಹೋಗಿದ್ದೇವೆ" ಎಂದ.

ಹೆಸರು ನಮ್ಮದು, ಬೀಗವೂ ನಮ್ಮದೇ! ಈ ಎರಡು ಮಾತು ಅಂದಿನಿಂದ ನನ್ನನ್ನು ಕಾಡುತ್ತಿವೆ. ಶಾಲೆಗೆ ಹೋಗುವ ಮಕ್ಕಳು ಪ್ರೋಗ್ರಾಮಿಂಗ್ ಕಲಿತದ್ದು ಎಲ್ಲಿ, ಹೇಗೆ, ಯಾರಿಂದಾಗಿ ಎಂಬ ಇತಿಹಾಸವನ್ನು ಸ್ವಲ್ಪ ತಿರುವಿ ನೋಡಿದರೆ ನಮಗೆ ಕಲಿಯಲು ಬಹಳಷ್ಟಿದೆ.

ಹೆಸರಿನ ವಿಷಯವನ್ನು ಮೊದಲು ಮುಗಿಸೋಣ. ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿ 9ನೇ ಶತಮಾನದ ಆರಂಭದಲ್ಲಿ, ಖಲೀಫಾ ಮಾಮೂನ್‌ರ ಕಾಲದ ಬಗ್ದಾದಿನಲ್ಲಿದ್ದ ವಿದ್ವಾಂಸರು. ಭಾರತದ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿ ಅವರು ಬರೆದ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್ ಭಾಷೆಗೆ ಹೋಯಿತು. ಅಲ್ಲಿ ಅವರ ಹೆಸರು 'ಅಲ್ಗೊರಿಟ್ಮಿ' ಎಂದಾಯಿತು. ಅದೇ ಮುಂದೆ ಅಲ್ಗಾರಿದಮ್ ಆಯಿತು. ಅಂದರೆ, ಒಂದು ಕೆಲಸವನ್ನು ತಪ್ಪಿಲ್ಲದೆ ಮುಗಿಸಲು ಹೆಜ್ಜೆ ಹೆಜ್ಜೆಯಾಗಿ ಕೊಡುವ ಸೂಚನೆ. ಬೀಜಗಣಿತದ ಬಗ್ಗೆ ಅವರು ಬರೆದ ಇನ್ನೊಂದು ಗ್ರಂಥದ ದೊಡ್ಡ ಭಾಗವು ವಾರಸುದಾರರಿಗೆ ಆಸ್ತಿ ಹಂಚುವ ಲೆಕ್ಕಗಳಿಗೆ ಮೀಸಲಾಗಿದೆ. ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು ಇವೆಲ್ಲಕ್ಕೂ ಲೆಕ್ಕ ಉಪಯೋಗವಾಗಬೇಕು ಎಂಬುದು ಅವರ ಉದ್ದೇಶವಾಗಿತ್ತು. ಅವರು ಬರೆದದ್ದು ಜನರು ಹೊಗಳಲೆಂದಲ್ಲ, ಮಾಡಿ ನೋಡಲೆಂದು. ಆದ್ದರಿಂದ ಅವರ ಹೆಸರು ಹೇಳಿ ಹೆಮ್ಮೆಪಡುವುದರಲ್ಲೇ ನಮ್ಮ ಪಾಲಿನ ಕೆಲಸ ಮುಗಿಯುವುದಿಲ್ಲ.

ಬಾಗಿಲು ತೆರೆದ ಇಬ್ಬರು ಅಧ್ಯಾಪಕರು

ಈಗ ಕಂಪ್ಯೂಟರ್ ಯುಗಕ್ಕೆ ಬರೋಣ. 1960ರ ಸುಮಾರಿಗೆ ಒಂದು ಕಂಪ್ಯೂಟರ್ ಇಡೀ ಕೋಣೆಯನ್ನು ತುಂಬಿಕೊಳ್ಳುತ್ತಿತ್ತು. ವಿದ್ಯಾರ್ಥಿಗಳು ಅದನ್ನು ಮುಟ್ಟುವಂತಿರಲಿಲ್ಲ. ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ನಿರ್ವಾಹಕರ ಕೈಗೆ ಕೊಟ್ಟು, ಉತ್ತರಕ್ಕಾಗಿ ಗಂಟೆಗಟ್ಟಲೆ, ಕೆಲವೊಮ್ಮೆ ಮರುದಿನದವರೆಗೆ ಕಾಯಬೇಕಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಮೊದಲಿನಿಂದ ಸರದಿ.

ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತ ಅಧ್ಯಾಪಕರಾದ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ಇದನ್ನು ಬದಲಾಯಿಸಿದರು. ವಿಜ್ಞಾನ ಓದದ ವಿದ್ಯಾರ್ಥಿಗೂ ಕಂಪ್ಯೂಟರ್ ಬಳಸಲು ಬರಬೇಕು ಎಂಬುದು ಅವರ ಹಟ. ಅದಕ್ಕಾಗಿ 'ಬೇಸಿಕ್' ಎಂಬ ಸರಳ ಭಾಷೆಯನ್ನು ರೂಪಿಸಿದರು. 1964ರ ಮೇ 1ರಂದು ಬೆಳಗಿನ ಜಾವ 4 ಗಂಟೆಗೆ ಅದರ ಮೊದಲ ಪ್ರೋಗ್ರಾಂಗಳು ಓಡಿದವು. ಒಂದೇ ಯಂತ್ರವನ್ನು ಅನೇಕರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನೂ ಅವರು ಮಾಡಿದರು. ಟೆಲಿಟೈಪ್ ಎಂಬ ಟೈಪ್ ಮಾಡುವ ಯಂತ್ರದ ಮುಂದೆ ಕುಳಿತರೆ ಸಾಕು, ದೂರದಲ್ಲಿರುವ ಕಂಪ್ಯೂಟರ್ ಕೆಲವೇ ಕ್ಷಣಗಳಲ್ಲಿ ಉತ್ತರಿಸುತ್ತಿತ್ತು. ದೂರವಾಣಿ ತಂತಿಯ ಮೂಲಕ ಈ ಸೌಲಭ್ಯ ಸುತ್ತಲಿನ ಪ್ರೌಢಶಾಲೆಗಳಿಗೂ ತಲುಪಿತು.

ಆಮೆಗೆ ಪಾಠ ಹೇಳಿದ ಮಕ್ಕಳು

ಇದಾಗಿ ಮೂರು ವರ್ಷಗಳಲ್ಲಿ, ಅಂದರೆ 1967ರಲ್ಲಿ, ಮಕ್ಕಳಿಗೆಂದೇ ಒಂದು ಭಾಷೆ ಹುಟ್ಟಿತು. ಅದರ ಹೆಸರು ಲೋಗೋ. ಸೀಮೋರ್ ಪೇಪರ್ಟ್, ವಾಲಿ ಫೋಯರ್‌ಝೈಗ್ ಮತ್ತು ಸಿಂಥಿಯಾ ಸೊಲೊಮನ್ ಅದನ್ನು ರೂಪಿಸಿದವರಲ್ಲಿ ಪ್ರಮುಖರು. ಮಸಾಚುಸೆಟ್ಸ್‌ನ ಲೆಕ್ಸಿಂಗ್ಟನ್ ಊರಿನ ಒಂದು ಶಾಲೆಯಲ್ಲಿ 1968-69ರಲ್ಲಿ ಏಳನೇ ತರಗತಿಯ ಮಕ್ಕಳಿಗೆ ಇದನ್ನು ಕಲಿಸಲಾಯಿತು. ನಮ್ಮಲ್ಲಿ ಮದ್ರಸದ ಏಳನೇ ತರಗತಿಯಲ್ಲಿರುವ ಮಕ್ಕಳ ವಯಸ್ಸೇ ಅವರದ್ದು!

ಸ್ವಲ್ಪ ಕಾಲದ ನಂತರ ಲೋಗೋದಲ್ಲಿ 'ಆಮೆ' ಬಂತು. ಮೊದಲು ನೆಲದ ಮೇಲೆ ಚಲಿಸುವ ಪುಟ್ಟ ಯಂತ್ರವಾಗಿ, ನಂತರ ಪರದೆಯ ಮೇಲಿನ ಗುರುತಾಗಿ. ಫಾರ್ವರ್ಡ್ 100 ಎಂದರೆ ಅದು ಅಷ್ಟು ಮುಂದೆ ಹೋಗಿ ಗೆರೆ ಎಳೆಯುತ್ತದೆ. ರೈಟ್ 90 ಎಂದರೆ ಬಲಕ್ಕೆ ತಿರುಗುತ್ತದೆ. ನಾಲ್ಕು ಸಲ ಹೀಗೆ ಹೇಳಿದರೆ ಚೌಕ ಸಿದ್ಧ.

ಈಗ ತ್ರಿಕೋನ ಬರೆಯಬೇಕು ಎಂದುಕೊಳ್ಳಿ. ಸಮಬಾಹು ತ್ರಿಕೋನದ ಪ್ರತಿ ಕೋನ 60 ಡಿಗ್ರಿ ಎಂದು ಪಾಠದಲ್ಲಿ ಕಲಿತ ಮಗು 60 ಡಿಗ್ರಿ ತಿರುಗಿಸುತ್ತದೆ. ತ್ರಿಕೋನ ಆಗುವುದಿಲ್ಲ, ಷಟ್ಕೋನದ ಅರ್ಧ ಬರುತ್ತದೆ! ಆಗ ಶಿಕ್ಷಕರು ಬೈಯುವುದಿಲ್ಲ. "ನೀನೇ ಆಮೆಯಾಗಿ ನಡೆದು ನೋಡು" ಎನ್ನುತ್ತಾರೆ. ಮಗು ಎದ್ದು ನಡೆಯುತ್ತದೆ, ಮೂಲೆಯಲ್ಲಿ ತಿರುಗುತ್ತದೆ. ತಾನು ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, ಅಂದರೆ 120 ಡಿಗ್ರಿ ಎಂದು ಕಾಲಿಗೇ ತಿಳಿಯುತ್ತದೆ. ಆ ಪಾಠವನ್ನು ಮಗು ಮರೆಯುವುದುಂಟೆ?

ಪೇಪರ್ಟ್ ಒತ್ತಿ ಹೇಳಿದ್ದು ಇದನ್ನೇ. ಪ್ರೋಗ್ರಾಮಿಂಗ್‌ನಲ್ಲಿ ತಪ್ಪು ಎಂದರೆ ಶೂನ್ಯ ಅಂಕವಲ್ಲ, ಹುಡುಕಿ ಸರಿಪಡಿಸಬೇಕಾದ ಒಂದು ಸಂಗತಿ. ಯಂತ್ರವು ಮಗುವನ್ನು ಆಡಿಸಬಾರದು, ಮಗು ಯಂತ್ರವನ್ನು ನಡೆಸಬೇಕು. ಇಂದು ಮೊಬೈಲ್ ಹಿಡಿದು ಮೂಲೆ ಸೇರುವ ನಮ್ಮ ಮಕ್ಕಳನ್ನು ನೋಡುವಾಗ ಈ ಮಾತಿನ ಬೆಲೆ ಅರಿವಾಗುತ್ತದೆ.

ಸಿಯಾಟಲ್‌ನ ತಾಯಂದಿರು

ಅದೇ 1968ರಲ್ಲಿ ಸಿಯಾಟಲ್ ನಗರದ ಲೇಕ್‌ಸೈಡ್ ಶಾಲೆಯಲ್ಲಿ ನಡೆದ ಘಟನೆ ಹೆಚ್ಚು ಪ್ರಸಿದ್ಧ. ಆ ಶಾಲೆಯ ತಾಯಂದಿರ ಸಂಘ ಮನೆಗಳ ಹಳೆ ಸಾಮಾನುಗಳನ್ನು ಮಾರಾಟಕ್ಕಿಟ್ಟು ಹಣ ಕೂಡಿಸುತ್ತಿತ್ತು. ಆ ಹಣದಿಂದ ಒಂದು ಟೆಲಿಟೈಪ್ ಯಂತ್ರವನ್ನು ಪಡೆದು, ದೂರದ ಕಂಪ್ಯೂಟರನ್ನು ಬಳಸುವ ಸಮಯವನ್ನೂ ಖರೀದಿಸಿ ಶಾಲೆಗೆ ಕೊಟ್ಟರು. ಎಂಟನೇ ತರಗತಿಯಲ್ಲಿದ್ದ 13 ವರ್ಷದ ಒಬ್ಬ ಹುಡುಗ ಅದರ ಮುಂದೆ ಕುಳಿತು ಬೇಸಿಕ್ ಕಲಿತ. ಪುಟ್ಟದೊಂದು ಆಟದ ಪ್ರೋಗ್ರಾಂ ಬರೆದ. ಅವನಿಗಿಂತ ಎರಡು ತರಗತಿ ಮುಂದಿದ್ದ ಇನ್ನೊಬ್ಬ ಹುಡುಗ ಜೊತೆಯಾದ. ಮೊದಲನೆಯವನು ಬಿಲ್ ಗೇಟ್ಸ್, ಎರಡನೆಯವನು ಪಾಲ್ ಆ್ಯಲೆನ್.

ಕೊಂಡ ಸಮಯ ಬೇಗನೆ ಮುಗಿಯಿತು. ನಂತರ ಊರಿನ ಒಂದು ಕಂಪ್ಯೂಟರ್ ಕಂಪೆನಿಯ ವ್ಯವಸ್ಥೆಯಲ್ಲಿದ್ದ ದೋಷ ಬಳಸಿ ಹೆಚ್ಚು ಸಮಯ ಪಡೆಯಲು ಹೋಗಿ ಈ ಮಕ್ಕಳು ಸಿಕ್ಕಿಬಿದ್ದರು. ಶಿಕ್ಷೆಯೂ ಆಯಿತು, ಕೆಲಕಾಲ ಯಂತ್ರದಿಂದ ದೂರವಿಡಲಾಯಿತು. ಆಮೇಲೆ ಅದೇ ಕಂಪೆನಿ, ನಮ್ಮ ದೋಷಗಳನ್ನು ಹುಡುಕಿಕೊಡಿ, ಬದಲಿಗೆ ಯಂತ್ರ ಬಳಸಿ ಎಂದು ಅವರನ್ನು ಒಳಗೆ ಕರೆಯಿತು. 1975ರಲ್ಲಿ ಇಬ್ಬರೂ ಸೇರಿ ಮೈಕ್ರೋಸಾಫ್ಟ್ ಆರಂಭಿಸಿದರು. ಅವರ ಮೊದಲ ಸರಕು ಯಾವುದು ಗೊತ್ತೇ? ಶಾಲೆಯಲ್ಲಿ ಕಲಿತ ಅದೇ ಬೇಸಿಕ್ ಭಾಷೆ, ಸಣ್ಣ ಕಂಪ್ಯೂಟರಿಗೆ ಹೊಂದಿಸಿದ್ದು.

ಅದು ಶ್ರೀಮಂತರ ಮಕ್ಕಳ ಶಾಲೆ, ನಿಜ. ಆದರೆ ಶ್ರೀಮಂತರ ಶಾಲೆಗಳು ಅಂದೂ ಬೇಕಾದಷ್ಟಿದ್ದವು. ಈ ಶಾಲೆಯನ್ನು ಬೇರೆಯಾಗಿಸಿದ್ದು ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟದ್ದು, ಗಂಟೆಗಟ್ಟಲೆ ಕೂರಲು ಬಿಟ್ಟದ್ದು ಮತ್ತು ತಪ್ಪು ಮಾಡಿದವರನ್ನು ಶಾಶ್ವತವಾಗಿ ಹೊರಗಟ್ಟದೆ ಇದ್ದದ್ದು. ಇನ್ನೊಂದು ಮಾತನ್ನೂ ನೆನಪಿಡಬೇಕು. ಆಗ ಅದು ಗಂಡುಮಕ್ಕಳ ಶಾಲೆ. ತಾಯಂದಿರು ತಂದ ಯಂತ್ರ ಅಲ್ಲಿ ಹೆಣ್ಣುಮಕ್ಕಳಿಗೆ ದಕ್ಕಲಿಲ್ಲ. ಆ ಕೊರತೆಯನ್ನು ನಾವು ಅನುಕರಿಸಬೇಕಾಗಿಲ್ಲ.

ಬ್ರಿಟನ್ನಿನಿಂದ ನಮ್ಮ ದೇಶಕ್ಕೆ

1981ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರ್ ಬಂತು. ಬಿಬಿಸಿ ಟಿವಿಯಲ್ಲಿ ಪಾಠ, ಶಾಲೆಗಳು ಯಂತ್ರ ಕೊಳ್ಳಲು ಸರಕಾರದ ಸಹಾಯಧನ, ಎರಡೂ ಜೊತೆಯಾಗಿ ನಡೆದವು. ಅದರ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದವರು ಸೋಫಿ ವಿಲ್ಸನ್. ಆ ಯಂತ್ರದ ಸ್ವಿಚ್ ಹಾಕಿದರೆ ಚಿತ್ರಗಳು ಬರುತ್ತಿರಲಿಲ್ಲ. ಖಾಲಿ ಪರದೆಯಲ್ಲಿ ಒಂದು ಗುರುತು ಮಿನುಗುತ್ತಿತ್ತು, ಏನು ಮಾಡಲಿ ಹೇಳು ಎಂಬಂತೆ. ಮಗು ಏನಾದರೂ ಬರೆಯಲೇಬೇಕು.

ಇದೇ ಬಿಬಿಸಿ ಮೈಕ್ರೋ 1984ರಲ್ಲಿ ಭಾರತಕ್ಕೂ ಬಂತು. ಕೇಂದ್ರ ಸರಕಾರ 'ಕ್ಲಾಸ್' ಎಂಬ ಯೋಜನೆಯಡಿ ಸುಮಾರು 250 ಪ್ರೌಢಶಾಲೆಗಳಲ್ಲಿ ಪ್ರಯೋಗ ಆರಂಭಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಇಷ್ಟು ದೊಡ್ಡ ದೇಶದಲ್ಲಿ 250 ಶಾಲೆ ಎಂದರೆ ಸಮುದ್ರಕ್ಕೆ ಸಕ್ಕರೆ ಹಾಕಿದಂತೆ.

ಬ್ರಿಟನ್ನಿನಲ್ಲಿ ಮುಂದೆ ಏನಾಯಿತು ಎಂಬುದು ಇನ್ನೂ ದೊಡ್ಡ ಪಾಠ. ಮನೆಮನೆಗೆ ಹೊಳಪಿನ ಕಂಪ್ಯೂಟರುಗಳು, ಆಟದ ಯಂತ್ರಗಳು ಬಂದವು. ಯಂತ್ರ ಹೆಚ್ಚಾಯಿತು, ಪ್ರೋಗ್ರಾಂ ಬರೆಯುವ ಮಕ್ಕಳು ಕಡಿಮೆಯಾದರು! ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಲು ಬರುವವರ ಸಂಖ್ಯೆಯೂ ಪೂರ್ವತಯಾರಿಯೂ ಕುಸಿದುದನ್ನು ಅಲ್ಲಿನ ಎಬೆನ್ ಅಪ್ಟನ್ ಮತ್ತು ಅವರ ಜೊತೆಗಾರರು ಕಂಡರು. ಅದಕ್ಕೆ ಉತ್ತರವಾಗಿ 2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ, ಅಂಗೈಯಷ್ಟು ಗಾತ್ರದ 35 ಡಾಲರಿನ ಕಂಪ್ಯೂಟರನ್ನು ಹೊರತಂದರು. 2014ರಲ್ಲಿ ಇಂಗ್ಲೆಂಡ್ ತನ್ನ ಪಠ್ಯಕ್ರಮವನ್ನೇ ಬದಲಾಯಿಸಿ, ಐದು ವರ್ಷದ ಮಕ್ಕಳಿಂದಲೇ ಕಂಪ್ಯೂಟಿಂಗ್ ಆರಂಭಿಸಿತು. ಬಳಸಲು ತಿಳಿದವರೆಲ್ಲ ಕಟ್ಟಲು ತಿಳಿದವರಲ್ಲ ಎಂಬುದು ಅವರಿಗೆ ತಡವಾಗಿ ಅರಿವಾಯಿತು. ನಾವು ಇಂದು ನಿಂತಿರುವುದು ಅವರು ಅಂದು ಎಡವಿದ ಜಾಗದಲ್ಲೇ.

ನೆರೆಯ ಕೇರಳ 2001ರಿಂದಲೇ ಐಟಿ ಅಟ್ ಸ್ಕೂಲ್ ಯೋಜನೆ ನಡೆಸಿತು. 2018ರಲ್ಲಿ ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಮಕ್ಕಳಿಗೆ ಲಿಟಲ್ ಕೈಟ್ಸ್ ಎಂಬ ಸಂಘಗಳನ್ನು ಆರಂಭಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರನೇ ತರಗತಿಯಿಂದ ಎಂಟನೆಯವರೆಗಿನ ಹಂತದಲ್ಲಿ ಕೋಡಿಂಗ್ ಇರಬೇಕೆಂದು ಹೇಳಿದೆ. ಕಾಗದದಲ್ಲಿ ಬಾಗಿಲು ತೆರೆದಿದೆ, ಕೋಣೆಯ ಬೀಗ ತೆರೆಯಬೇಕಾದವರು ಯಾರು?

ನಾವೇನು ಮಾಡಬಹುದು?

ದೊಡ್ಡ ಯೋಜನೆಗೆ ಕಾಯಬೇಕಾಗಿಲ್ಲ. ಮಕ್ಕಳು ಕಲಿಯಲು ಬೇಕಾದ ಲೋಗೋ, 2007ರಲ್ಲಿ ಬಂದ ಸ್ಕ್ರ್ಯಾಚ್, ಪೈಥಾನ್ ಎಲ್ಲವೂ ಉಚಿತವಾಗಿ ಸಿಗುತ್ತವೆ. ಕಚೇರಿಯವರು ಬೇಡವೆಂದು ಬದಿಗಿಟ್ಟ ಹಳೆ ಕಂಪ್ಯೂಟರೇ ಪ್ರಾರಂಭಕ್ಕೆ ಸಾಕು.

ಮೊದಲನೆಯದಾಗಿ, ನಮ್ಮ ಮಕ್ಕಳು ಹೋಗುವ ಶಾಲೆಯ ಎಸ್‌ಡಿಎಂಸಿ ಸಭೆಗೆ ಪೋಷಕರು ಹೋಗಬೇಕು. ಕಂಪ್ಯೂಟರ್ ಕೋಣೆ ವಾರಕ್ಕೆ ಎಷ್ಟು ಗಂಟೆ ತೆರೆದಿರುತ್ತದೆ ಎಂದು ಮರ್ಯಾದೆಯಿಂದ ಕೇಳಬೇಕು. ಎರಡನೆಯದಾಗಿ, ಸಂಜೆ ಖಾಲಿ ಇರುವ ಮದ್ರಸ ಕಟ್ಟಡದ ಒಂದು ಕೋಣೆಯನ್ನು ಜಮಾಅತಿನವರು ಇದಕ್ಕಾಗಿ ಬಿಟ್ಟುಕೊಡಬಹುದು. ಮೊಹಲ್ಲಾದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಯುವಕ ಯುವತಿಯರು ವಾರಕ್ಕೆ ಎರಡು ಗಂಟೆ ಕೊಡಬಹುದು. ಹೆಣ್ಣುಮಕ್ಕಳಿಗೂ ಅಷ್ಟೇ ಸಮಯ, ಅಷ್ಟೇ ಯಂತ್ರ ಇರಲಿ. ಮೂರನೆಯದಾಗಿ, ಮಕ್ಕಳು ತಪ್ಪು ಮಾಡಲಿ. ಯಂತ್ರ ಹಾಳಾದೀತೆಂದು ಬಟ್ಟೆ ಮುಚ್ಚಿಟ್ಟರೆ ಹಾಳಾಗುವುದು ಮಕ್ಕಳ ವರ್ಷಗಳು.

ಆ ಹುಡುಗ ಜೂನ್‌ನಲ್ಲಿ ಹತ್ತನೇ ತರಗತಿಗೆ ಹೋಗುತ್ತಾನೆ. ಆಮೇಲೆ ಅವನಿಗೆ ಪರೀಕ್ಷೆಯ ಗಡಿಬಿಡಿ. ಅವನ ಪಾಲಿಗೆ ಉಳಿದಿರುವುದು ಈ ಕೆಲವೇ ತಿಂಗಳು. ಮುಂದಿನ ಶುಕ್ರವಾರ ಅವನು ಮತ್ತೆ ಸಿಕ್ಕಾಗ, ಖ್ವಾರಿಝ್ಮಿಯವರ ಹೆಸರಿನ ಜೊತೆಗೆ ಒಂದು ಕೀಲಿಕೈಯನ್ನೂ ಅವನ ಕೈಗೆ ಕೊಡುವಂತಾಗಲಿ.